ಕಿವಿ ಮುಟ್ಟಿದ ಕೈ

ಅಬ್ಬಾ ನನ್ನ ಸೊಂಟ ಹಿಡಿದು, ಬಸ್ಸಿನ ಮೆಟ್ಟಿಲಿನಿಂದ ನನ್ನ ತಲೆಯನ್ನು ರಸ್ತೆಯ ಕಡೆ ಬಗ್ಗಿಸಿದ್ದ. ವಾಂತಿ ಮೂಗಿನಲ್ಲಿ ಬರುತ್ತಿತ್ತು, ಹಲ್ಲಿನ ಸಂದಿಗಳಲ್ಲಿ ಬರುತ್ತಿತ್ತು. ಉಸಿರು ಮಾತ್ರ ಎಲ್ಲಿಂದಲೂ ಬರುತ್ತಿರಲಿಲ್ಲ.

"ಬಾಯಿ ತಗಿಯವಾ, ಬಾಯಿ ತಗಿ!" ಹಿಂದಿನ ಸೀಟಿನ ಹೆಂಗಸು ಇಳಿದು ಬಂದು ನನ್ನ ತುಟಿಗಳ ನಡುವೆ ಬೆರಳು ತುರುಕಿದಳು. ಬೆರಳು ಹಲ್ಲಿಗೆ ಬಡಿದು ನಿಂತಿತು. "ಇದೇನ್ ಹಟಾ ಹಿಡದಾಳ ಈಕಿ?"

"ಆಕಿಗೆ ತಗ್ಯಾಕ ಬರೂದಿಲ್ರೀ," ಅಬ್ಬಾ ನನ್ನ ಬೆನ್ನಿಗೆ ಗುದ್ದುತ್ತ ಹೇಳಿದ. "ದವಡಿ ಕೂಡ್ಕೊಂಡೈತಿ."

ಹೆಂಗಸು ಬೆರಳು ಸುಟ್ಟವಳಂತೆ ಹಿಂದೆ ಸರಿದಳು.

ಗಂಟಲಿನಲ್ಲಿ ಏನೋ ಜಾರಿತು. ಗಾಳಿ ಬಂತು. ದೇವರಹಿಪ್ಪರಗಿಯ ಡಾಂಬರು, ಅದರ ಮೇಲೆ ನನ್ನ ಬೆಳಗಿನ ಗಂಜಿ, ಅಬ್ಬಾನ ಒದ್ದೆ ಚಪ್ಪಲಿ, ಒಂದೊಂದಾಗಿ ಕಾಣತೊಡಗಿದವು.

"ಲಿಂಬಿಹಣ್ಣ ಮೂಸಸ್ರಿ ಯಜಮಾನ್ರ," ಎಂದ ಕಂಡಕ್ಟರ್.

ನನ್ನ ಅಬ್ಬಾ ಫಿರೋಜ ಇಂಡಿ ಊರಿನ ಬಜಾರಿನಲ್ಲಿ ಲಿಂಬೆ ಮಾರುವವನು. ಡಾಕ್ಟರಿಗೆಂದು ತಂದ ಚೀಲದ ತುಂಬ ಲಿಂಬೆ ಇತ್ತು. ಅವನು ಚೀಲ ನೋಡಿದ, ಕಂಡಕ್ಟರನನ್ನು ನೋಡಿದ, ಒಂದು ಲಿಂಬೆ ತೆಗೆದು ನನ್ನ ಮೂಗಿಗೆ ಹಿಡಿದ.

ಎರಡು ವರ್ಷದವಳಿದ್ದಾಗ ತಾಂಬಾದ ನಮ್ಮ ಮನೆಯ ಮುಂದೆ ಟ್ರ್ಯಾಕ್ಟರಿನ ಟ್ರೇಲರಿನಿಂದ ಗದ್ದ ಊರಿ ಬಿದ್ದೆನಂತೆ. ಎಡಗಡೆಯ ದವಡೆ ಕೀಲು ಬುರುಡೆಯ ಮೂಳೆಗೆ ಬೆಸೆದುಕೊಂಡಿತು. ಏಳರಲ್ಲಿ ಪಕ್ಕೆಲುಬಿನ ತುಂಡೊಂದನ್ನು ತೆಗೆದು ಅಲ್ಲಿ ಕೂಡಿಸಿದರು. ಎರಡೇ ವರ್ಷದಲ್ಲಿ ಅದೂ ಬೆಸೆಯಿತು. ಈಗ ನನ್ನ ಹಲ್ಲುಗಳ ನಡುವೆ ನೆನೆಸಿದ ರೊಟ್ಟಿಯ ಚೂರೊಂದು ಹೋದರೆ ಹೆಚ್ಚು. ಬರುವ ಗುರುವಾರ ದೊಡ್ಡ ಆಸ್ಪತ್ರೆಯಲ್ಲಿ ಲೋಹದ ಕೀಲು ಹಾಕುವವರಿದ್ದರು. ಇವತ್ತು ಶನಿವಾರ. ಕೊನೆಯ ಸಲ ತೋರಿಸಲು ಬಸವನ ಬಾಗೇವಾಡಿಗೆ ಹೊರಟಿದ್ದೆವು, ನಾನು, ಅಬ್ಬಾ, ಅಬ್ಬಾನ ತಾಯಿ ಸುಲ್ತಾನಬಿ ಆಯಿ.

ದವಡೆಯ ಡಾಕ್ಟರ್ ಐಶ್ವರ್ಯ ಅಲ್ಲಿಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಅವರ ಮೇಜಿನ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ತಲೆಬುರುಡೆ ಇತ್ತು.

"ಯಾರದ್ರೀ ಇದು?" ಆಯಿ ಕೇಳಿದಳು.

"ಇರಮಂದು."

"ಯಾ ಅಲ್ಲಾ! ಹುಡುಗಿ ಜೀವಂತ ಕುಂತಾಳಲ್ರೀ ಮುಂದ!"

"ಸ್ಕ್ಯಾನ್ ನೋಡಿ ಮಷೀನ್ ಮಾಡಿದ್ದು ಆಯಿ. ಕೀಲು ಕೂಡತೈತೋ ಇಲ್ಲೋ ನೋಡಾಕ." ಡಾಕ್ಟರ್ ಹೆಬ್ಬೆರಳಿನಿಂದ ಬುರುಡೆಯ ಗದ್ದ ಒತ್ತಿದರು.

ನನ್ನ ಬುರುಡೆ ಬಾಯಿ ತೆರೆಯಿತು.

ಅಗಲವಾಗಿ, ಸದ್ದಿಲ್ಲದೆ. ಎಡ ಕಿವಿಯ ಕೆಳಗೆ ಬೂದುಬಣ್ಣದ ಲೋಹ ತಿರುಗಿತು. ಒಳಗೆ ಏನೂ ಇರಲಿಲ್ಲ, ಆದರೂ ನಾನು ಬಗ್ಗಿ ನೋಡಿದೆ. ನನ್ನ ನಾಲಿಗೆಯನ್ನು ಮನೆಯಲ್ಲಿ ಯಾರೂ ಐದು ವರ್ಷದಿಂದ ನೋಡಿಲ್ಲ.

"ಕೈಯಿಂದು ಎಕ್ಸ್‌ರೇ ಎಲ್ಲಿ? ಎಂಟ ತಿಂಗಳ ಹಿಂದ ಬರದ ಕೊಟ್ಟಿದ್ನಿ."

"ದವಡಿ ಬ್ಯಾನಿಗೆ ಕೈ ಯಾಕಂತ ಬಿಟ್ಟಿದ್ನಿರಿ," ಅಬ್ಬಾ ನಾಚಿದ. "ಇವತ್ತ ಕೆಳಗ ತಗಸೇನಿ. ತಗೋರಿ."

ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು.

"ಇರಮಗ ಎಷ್ಟ ವರ್ಷ?"

"ಹದಿನಾರ್ರಿ. ಆಧಾರದಾಗ ಐತಲ್ರಿ, ಜೂನ್ ಒಂದು."

"ಈ ಕೈಗೆ ಹದಿನಾರ ಆಗಿಲ್ಲ. ಎಲುಬಿನ ತುದಿ ಇನ್ನ ಬಿಟ್ಟಾವ, ಬೆಳ್ಯಾಕತ್ತಾವ. ಕಾಗದ ಬ್ಯಾಡ. ಹುಟ್ಟಿದ್ದ ಯಾವಾಗ?"

ಅಬ್ಬಾ ನೆಲ ನೋಡಿದ. ನಮ್ಮಲ್ಲಿ ಎಲ್ಲರಿಗೂ ಎರಡು ವಯಸ್ಸು. ಒಂದು ಮನೆಯದು. ಇನ್ನೊಂದು, ಮೇಜಿನ ಹಿಂದೆ ಕೂತವರು ಯಾರೇ ಕೇಳಿದರೂ ಹೇಳುವುದು. ಈ ಮೇಜು ಬೇರೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಬಾಯಿ ಬಿಟ್ಟವಳು ಆಯಿ. "ನನ್ನ ಮಗಳ ಮಗಳು ಸಿದ್ದೀಕಾ ಸಾಲಿಗಿ ಹೊಂಟಿದ್ಲ್ರೀ. ಒಬ್ಬಾಕಿನ್ನ ಹೆಂಗ ಕಳಸೂದು? ಜೋಡಿಗಿ ಈಕಿನೂ ಒಯ್ದ್ನಿ, ಆಗ ಈಕಿಗಿ ನಾಕ ವರ್ಷ. ಮಾಸ್ತರ ತಲಿ ಮ್ಯಾಲಿಂದ ಕೈ ಹಾಕಿ ಆ ಕಡಿ ಕಿವಿ ಮುಟ್ಟು ಅಂದ್ರು. ಮುಟ್ಟಿದ್ರ ಆರ ವರ್ಷ ಅಂತ ಲೆಕ್ಕ. ಈಕೀದು ನಾಕ ಬೆರಳ ಕಮ್ಮಿ ಬಿತ್ತು." ಆಯಿ ತನ್ನ ಕೈಯೆತ್ತಿ ತೋರಿಸಿದಳು. "ನಾ ಹಿಂದಿಂದ ಮೊಣಕೈ ದಬ್ಬಿದ್ನಿ. ಮುಟ್ಟೇ ಬಿಟ್ಲ ಹುಡುಗಿ!"

ಅವಳು ನಕ್ಕಳು. ಮತ್ತಾರೂ ನಗದಿದ್ದಾಗ ಕೈ ಹಾಗೇ ತಲೆಯ ಮೇಲೆ ಉಳಿಯಿತು.

"ಅಂದ್ರ ಈಗ ಹದಿನಾಲ್ಕ," ಡಾಕ್ಟರ್ ಕುರ್ಚಿಗೆ ಕುಸಿದರು. "ಸಾಲಿ ದಾಖಲೆ ನೋಡಿ ನಾನೂ ನಂಬಿದ್ನಿ. ಕೈ ಎಕ್ಸ್‌ರೇ ನೋಡದ ಕೀಲು ಮಾಡಿಸಬಾರದಿತ್ತು."

"ಎರಡ ವರ್ಷಕ್ಕ ಏನಾಗತೈತ್ರೀ?" ಅಬ್ಬಾ ಕೇಳಿದ.

"ಲೋಹ ಬೆಳಿಯೂದಿಲ್ಲ, ಈಕಿ ಬೆಳೀತಾಳ. ಬಲಗಡಿ ದವಡಿ ಉದ್ದಾಗಿ ಎಡಗಡಿ ಅಲ್ಲೇ ನಿಂತ್ರ ಮುಖ ಸೊಟ್ಟ ಆಗಬಹುದು. ಮತ್ತ ಕೊಯ್ದು ಕೀಲು ಬದಲಿಸಬೇಕಾಗಬಹುದು. ಬ್ಯಾರೆ ದಾರಿ ಇಲ್ಲಂದ್ರ ಬೆಳಿಯೂ ಮಕ್ಕಳಿಗೂ ಹಾಕತೇವಿ, ಇಲ್ಲಂತಲ್ಲ. ಆದ್ರ ಕಾಯೂದು ಛಲೋ."

ಆಗ ಅಬ್ಬಾ ಬಸ್ಸಿನಲ್ಲಿ ಆದದ್ದನ್ನು ಹೇಳಿದ. ಡಾಕ್ಟರ್ ನನ್ನ ಅಂಗಿಯ ಮೇಲಿನ ಕಲೆ ನೋಡಿದರು.

"ಹಂಗಾದ್ರ ಒಂದ ಕೆಲಸ. ಇವತ್ತ ಮುಂದಿನ ಎರಡ ಹಲ್ಲ ತಗೀತೇನಿ. ವಾಂತಿ ಆದ್ರ ಹೊರಗ ಹೋಗಾಕ ದಾರಿ ಆಗತೈತಿ, ಗಂಜಿನೂ ಚಮಚದಲೆ ಹಾಕಬಹುದು. ಎರಡ ವರ್ಷ ಕಳದ ಮ್ಯಾಲ ಹೊಸಾ ಅಳತಿ, ಹೊಸಾ ಕೀಲು."

"ತಗೀರಿ," ಅಬ್ಬಾ ತಕ್ಷಣ ಅಂದ. "ಹಲ್ಲ ಹೋದ್ರ ಹೋಗ್ಲಿ. ಹುಡುಗಿ ಉಳೀಲಿ."

"ಮುಂದ ಬಂಗಾರದ್ದ ಹಾಕಸೂಣು," ಆಯಿ ಸೇರಿಸಿದಳು. ಅವಳ ಧ್ವನಿ ಸಣ್ಣಗಾಗಿತ್ತು.

ನರ್ಸ್ ತಟ್ಟೆ ತಂದಿಟ್ಟಳು. ಅದರಲ್ಲಿ ಇಕ್ಕಳ, ಹತ್ತಿ, ಸೂಜಿ.

"ಇರಮಾ, ತುಟಿ ಮ್ಯಾಲ ಎತ್ತವಾ. ಐದ ನಿಮಿಷದ ಕೆಲಸ."

ನಾನು ಕೈ ಚಾಚಿ ಬುರುಡೆಯ ಗದ್ದಕ್ಕೆ ಹೆಬ್ಬೆರಳು ಇಟ್ಟು ಒತ್ತಿದೆ. ಅದು ನನಗೂ ತೆರೆಯಿತು.

"ಗುರುವಾರ ಇದನ್ನ ಹಾಕ್ರಿ," ಹಲ್ಲು ಕಚ್ಚಿಕೊಂಡೇ ಹೇಳಿದೆ. ನಾನು ಮಾತಾಡುವುದೇ ಹಾಗೆ. "ಸೊಟ್ಟ ಆದ್ರ ಆಗ್ಲಿ, ಮತ್ತ ಕೊಯ್ರಿ."

"ಹುಚ್ಚಿ, ಡಾಕ್ಟರ್ ಹೇಳಾಕತ್ತಾರ..." ಅಬ್ಬಾ ನನ್ನ ಭುಜ ಹಿಡಿದ. "ಎರಡ ಹಲ್ಲಷ್ಟ ಬೇಟಾ. ಎತ್ತು ತುಟಿ."

ನಾನು ಎರಡೂ ತುಟಿ ಒತ್ತಿ ಮುಚ್ಚಿದೆ. ಆಮೇಲೆ, ಅವರಿಗೆ ಕೇಳಲೆಂದು, ಒಂದೇ ಸಲ ತೆರೆದೆ.

"ನಾ ಒಲ್ಲೆ."