ಬಿಳಿ ಝೀಟಾ

ಪೆಟ್ಟಿಗೆ ಬಿಚ್ಚಿದ ಕೂಡಲೇ ಮನೆಯವರೆಲ್ಲ ಖುಷಿಪಟ್ಟರು, ಝೀಟಾ ಒಬ್ಬಳನ್ನು ಬಿಟ್ಟು. ಒಳಗಿದ್ದದ್ದು ಮುನ್ನೂರು ಪೋಕರ್ ಚಿಪ್‌ಗಳು. ಇಸ್ಪೀಟಿನಲ್ಲಿ ಹಣದ ಬದಲು ಪಣಕ್ಕಿಡುವ ಕೆಂಪು, ನೀಲಿ, ಹಸಿರು ಅಂಚಿನ ದುಂಡು ಬಿಲ್ಲೆಗಳು, ಪ್ರತಿಯೊಂದರ ನಡುವೆ ಅವಳ ಮತ್ತು ಗಂಡ ಲಿಯೋನೆಲ್‌ನ ಮುಖ. ಭಾನುವಾರ ಅವರ ಮದುವೆಗೆ ಇಪ್ಪತ್ತೈದು ತುಂಬುತ್ತದೆ. ಉದ್ಯಾವರದ ಆ ಮನೆಯಲ್ಲಿ ಭಾನುವಾರವೆಂದರೆ ಇಸ್ಪೀಟು. ಹಣ ಇಡುವುದಿಲ್ಲ, ಸೋತವನು ಮುಂದಿನ ವಾರದ ಹಂದಿಮಾಂಸ ತರಬೇಕು, ಅಷ್ಟೇ. ಅದಕ್ಕೇ ಮಗಳು ಬ್ರೆಂಡಾ ಮಣಿಪಾಲದ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ, ಇದ್ದುದರಲ್ಲಿ ಅಗ್ಗದ ದರಕ್ಕೆ, ಇವನ್ನು ಮಾಡಿಸಿದ್ದಳು.

"ಮಮ್ಮಿ, ಎಷ್ಟು ಚಂದ ಬಂದಿದ್ದೀರಿ ನೋಡಿ!"

ಚಂದ ಬಂದದ್ದು ನಿಜ. ಆದರೆ ಬಂದವಳು ಝೀಟಾ ಅಲ್ಲ. ಲಿಯೋನೆಲ್‌ನ ಮುಖ ಅವನದೇ, ಮೂಗಿನ ಮೇಲಿನ ಮಚ್ಚೆ ಸಮೇತ. ಕಪ್ಪು ಮೈಬಣ್ಣದ ಝೀಟಾಳ ಮುಖ ಮಾತ್ರ ಸುಲಿದ ಬಟಾಟೆಯ ಹಾಗಿತ್ತು. ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. ಮೈಯೆಲ್ಲ ಉರಿದುಹೋಯಿತು.

ಮದುವೆಯ ಆಲ್ಬಂನಲ್ಲೂ ಇದೇ ಕಥೆ. ಕಾರ್ಕಳದ ಸ್ಟುಡಿಯೋದವನು ಅವಳ ಮುಖವನ್ನು ತಿದ್ದಿ ತಿದ್ದಿ ಬೆಳ್ಳಗೆ ಮಾಡಿದ್ದ, ಕೈಗಳನ್ನು ಮರೆತಿದ್ದ. ಬಿಳಿ ಗೌನು, ಬಿಳಿ ಮುಖ, ಹೂಗುಚ್ಛ ಹಿಡಿದ ಕರಿ ಕೈ. ಹೊಸ ಮದುಮಗಳು, ಅತ್ತೆಮನೆಯವರೆದುರು ಎಂತ ಹೇಳುವುದು? ಹೋಗಲಿ ಅಂದುಕೊಂಡಳು. ಆ ಆಲ್ಬಂ ತೆರೆದಾಗಲೆಲ್ಲ ಅವಳು ಬೇರೆ ಯಾರದೋ ಮದುವೆ ನೋಡಿದ್ದಾಳೆ. ಈ ಸಲ ಹೋಗಲಿ ಅನ್ನುವವಳಲ್ಲ.

"ಬೇರೆ ಮಾಡಿಸಬೇಕು," ಅಂದಳು.

"ಎಂತಕ್ಕೆ? ಬೆಳ್ಳಗೆ ಬಂದದ್ದಕ್ಕಾ?" ಲಿಯೋನೆಲ್ ನಕ್ಕ. "ಜನ ನಗುತ್ತಾರೆ ಮಾರಾಯ್ತಿ."

"ನಗಲಿ."

ಮರುದಿನ ಎರಡು ಬಿಲ್ಲೆ ಪರ್ಸಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಮಣಿಪಾಲದ ಅಂಗಡಿಯ ಯಜಮಾನ ಯೋಗೀಶ್‌ಗೆ ದೂರು ಹೊಸತಲ್ಲ. ಕೆಂಪು ಹರಡಿದೆ, ಸ್ಟಿಕ್ಕರ್ ಏಳುತ್ತದೆ, ಇಂಥವು ದಿನಾ ಬರುತ್ತವೆ. ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಎಲ್ಲ ಸರಿ ಉಂಟಲ್ಲ ಮೇಡಂ?"

"ನನ್ನ ಮುಖ ನೋಡಿ. ಆಮೇಲೆ ಅದನ್ನು ನೋಡಿ."

ನೋಡಿದವನಿಗೆ ಮುಜುಗರವಾಯಿತು. "ಹೆಂಗಸರ ಫೋಟೋ ಬಂದರೆ ಕೇಳದೆಯೇ ಸ್ವಲ್ಪ ಬೆಳ್ಳಗೆ ಮಾಡುತ್ತೇವೆ. ಮಾಡದಿದ್ದರೆ ಬಂದು ಜಗಳ ಆಡುತ್ತಾರೆ."

"ನೀವು ಮಾಡಿದ್ದಕ್ಕೆ ನಾನು ಜಗಳ ಆಡಲು ಬಂದವಳು."

"ಈ ಅಗ್ಗದ ಸ್ಟಿಕ್ಕರಿನಲ್ಲಿ ಕಪ್ಪು ಮುಖ ಮಸಿಯ ಹಾಗೆ ಬರುತ್ತದೆ ಮೇಡಂ."

"ಮೊದಲು ಪ್ರಿಂಟ್ ತೆಗೆದು ತೋರಿಸಿ."

ತೆಗೆದ. ಮಸಿಯೇ ಬಂತು, ಕಣ್ಣು ಯಾವುದು ಮೂಗು ಯಾವುದು ತಿಳಿಯಲಿಲ್ಲ. ಹೇಳಿದೆನಲ್ಲ ಎಂಬಂತೆ ಯೋಗೀಶ್ ನೋಡಿದ. ಝೀಟಾ ಜಗ್ಗಲಿಲ್ಲ. ಊರಿನ ಅರ್ಧ ಮದುಮಗಳಂದಿರಿಗೆ ಗೌನು ಹೊಲಿದ ಟೈಲರ್ ಅವಳು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೂಲಿಗೂ ಬಟ್ಟೆಗೂ ಬಣ್ಣ ಹೊಂದಿಸಿದವಳೇ ಅಲ್ಲ. ಅವನನ್ನು ಬಿಸಿಲಿಗೆ ಎಳೆದು ತಂದು, ಬಿಲ್ಲೆಯನ್ನು ತನ್ನ ಮುಂಗೈಗೆ ತಾಗಿಸಿ ಹಿಡಿದಳು. "ಕೆಂಪು ಸಾಲದು. ಕಪ್ಪು ಇಳಿಸಿ." ಒಳಗೆ ಹೋದರು, ಹೊರಗೆ ಬಂದರು. ಕಾಗದವೂ ಬದಲಾಯಿತು. ಐದನೆಯ ಪ್ರಿಂಟನ್ನು ಹಿಡಿದಾಗ ಕೈ ಯಾವುದು ಮುಖ ಯಾವುದು ಎಂಬ ಭೇದವೇ ಇಲ್ಲ. ಝೀಟಾಳ ಕಣ್ಣು ತುಂಬಿತು.

"ಈ ಕಾಗದಕ್ಕೆ ದರ ಜಾಸ್ತಿ ಮೇಡಂ. ಅದೇ ದುಡ್ಡಿಗೆ ನೂರು ಆಗಬಹುದು."

"ನೂರು ಸಾಕು."

ಭಾನುವಾರ ಊಟ ಮುಗಿಸಿ ಲಿಯೋನೆಲ್, ಅವನ ಗೆಳೆಯರಾದ ಕ್ಲಾಯ್ಡ್ ಮತ್ತು ಅಲೆಕ್ಸ್ ಮೇಜಿಗೆ ಕೂತರು. ಕೇಳದೆಯೇ ಝೀಟಾಳೂ ಕೂತಳು. ಹೊಸ ನೂರು ಬಿಲ್ಲೆ ನಾಲ್ವರಿಗೂ ಹಂಚಿಹೋದವು. ಸಂಜೆಯ ಹೊತ್ತಿಗೆ ಒಂದು ಸುತ್ತಿನಲ್ಲಿ ಗಂಡಹೆಂಡತಿ ಇಬ್ಬರೇ ಉಳಿದರು. ಝೀಟಾ ಹತ್ತು ಬಿಲ್ಲೆ ಮುಂದೆ ತಳ್ಳಿದಳು. ಲಿಯೋನೆಲ್‌ನ ಬಳಿ ಒಂದೂ ಇರಲಿಲ್ಲ. ಸರಿಗಟ್ಟಲಾಗದವನು ಎಲೆ ಮಡಚಬೇಕು, ಅದು ಆ ಮೇಜಿನ ನಿಯಮ. ಅವನು ಎದ್ದು ಕಪಾಟಿನಿಂದ ಹಳೆಯ ಪೆಟ್ಟಿಗೆ ತಂದು ಹತ್ತು ಬಿಲ್ಲೆ ಸುರಿದ.

"ಇವು ನಡೆಯುವುದಿಲ್ಲ," ಅಂದಳು ಝೀಟಾ.

"ಎಲ್ಲ ಒಂದೇ ಅಲ್ವಾ?"

"ಅದರಲ್ಲಿರುವ ಹೆಂಗಸು ಯಾರು?"

ಲಿಯೋನೆಲ್ ತೊದಲಿದ. "ನೀನೇ."

"ನಾನಲ್ಲ. ಆಲ್ಬಂನಲ್ಲಿರುವವಳೂ ನಾನಲ್ಲ. ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಆ ಬಿಳಿಯವಳಿಗೆ ಈ ಮನೆಯಲ್ಲಿ ಬೆಲೆ ಇಲ್ಲ."

"ಹಾಗಾದರೆ ನಿನ್ನದರಲ್ಲಿ ಹತ್ತು ಕೊಡು."

"ಇಪ್ಪತ್ತೈದು ವರ್ಷ ಬಿಟ್ಟುಕೊಟ್ಟಿದ್ದೇನೆ. ಇವತ್ತು ಇಲ್ಲ."

ಲಿಯೋನೆಲ್‌ನ ಕೈಯಲ್ಲಿ ಮೂರು ಎಕ್ಕ ಇದ್ದವು, ಸುಲಭಕ್ಕೆ ಸೋಲುವ ಎಲೆಗಳಲ್ಲ. ಅವನು ಬಿಳಿ ಮುಖಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಎಲೆಗಳನ್ನು ಬೋರಲು ಹಾಕಿ, ಬಿಳಿಯವನ್ನು ಒಂದೊಂದಾಗಿ ಹೆಕ್ಕಿ ಪೆಟ್ಟಿಗೆಗೆ ಹಾಕಿದ.

ಝೀಟಾ ಮೇಜಿನ ನಡುವಿನ ರಾಶಿಯನ್ನು ಎರಡೂ ಕೈಯಿಂದ ಬಾಚಿಕೊಂಡಳು. ತನ್ನ ಎಲೆಗಳನ್ನು ಮಾತ್ರ ಎಲ್ಲರಿಗೂ ಕಾಣುವಂತೆ ತೆರೆದಿಟ್ಟಳು. ಬರೀ ನಾಲ್ಕರದೊಂದು ಜೊತೆ.