ಬಿಳಿ ಹುಲ್ಲಿನ ಮೇಲಿನ ಹೆಜ್ಜೆ

"ಆ ಒಂದು ಗ್ರೀನಿಗೆ ಮಷೀನು ಇಳಿಸಿ ನೋಡು. ಕೈ ಮುರೀತೀನಿ."

"ಯಾರ ಕೈ, ಭಾವ? ಮಷೀನಿಂದೋ, ನಂದೋ?"

"ಯಾವುದು ಮೊದಲು ಸಿಗುತ್ತೋ ಅದನ್ನ."

ಬೆಳಗಿನ ಹೊತ್ತು. ನಾನೂ ಭಾವನೂ ಗಾಲ್ಫ್ ಮೈದಾನದ ಷೆಡ್ಡಿನಲ್ಲಿ ಕೂತು ಇಬ್ಬನಿ ಕರಗಲಿ ಎಂದು ಕಾಯುತ್ತಿದ್ದೆವು. ಚಳಿಗಾಲ ಮುಗಿದರೂ ವಸಂತದ ಮೊದಲ ದಿನಗಳಲ್ಲಿ ಇಬ್ಬನಿ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಆಗ ಕಾಲಿಡಬಾರದು. ಎಸಳು ಗಾಜಿನಂತೆ ಒಳಗೇ ಮುರಿದು, ತುಳಿದ ಹೆಜ್ಜೆ ಕಪ್ಪಾಗಿ ವಾರಗಟ್ಟಲೆ ಉಳಿಯುತ್ತದೆ. ಇದನ್ನು ಹೇಳಿಕೊಟ್ಟವರು ಭಾವನೇ. ನನ್ನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ. ಈಗ ಮೇಸ್ತ್ರಿ ನಾನು, ಅದು ಬೇರೆ ಮಾತು.

ವಸಂತದಲ್ಲಿ ಗ್ರೀನುಗಳಿಗೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ಮಷೀನಿನಿಂದ ತೂತು ಹೊಡೆದು ಮರಳು ತುಂಬುತ್ತೇವೆ. ಗಟ್ಟಿಯಾದ ಮಣ್ಣು ಆಗ ಉಸಿರಾಡುತ್ತದೆ. ಎಲ್ಲವೂ ಮುಗಿದು, ಕೊಳದ ಪಕ್ಕದ್ದು ಮಾತ್ರ ಉಳಿದಿತ್ತು. ಅದನ್ನು ಬಿತ್ತಿದ್ದು ನಮ್ಮ ಜೊತೆ ಇಲ್ಲೇ ಕೆಲಸಕ್ಕಿದ್ದ ನನ್ನ ಅಕ್ಕ. ಬಿತ್ತಿದ ಜಾಗ ತುಳಿಯಬಾರದೆಂದು ಹಿಂದಹಿಂದಕ್ಕೆ ನಡೆಯುತ್ತ, ಮಗು ಮಲಗಿದ ಕೋಣೆಯಿಂದ ಹೊರಬರುವವಳ ಹಾಗೆ ಬೀಜ ಚೆಲ್ಲಿದ್ದಳು. ಮೊಳಕೆ ಕಂಡಳು. ಅವಳು ಚಳಿಗಾಲ ದಾಟಲಿಲ್ಲ.

"ಬೇರು ಇನ್ನೂ ಎಳೇದು," ಅಂದರು ಭಾವ. "ಈ ವರ್ಷ ಬಿಟ್ಟುಬಿಡು."

"ಬಿಟ್ರೆ ಪಾಚಿ ಕಟ್ಟುತ್ತೆ. ಅಕ್ಕ ಇದ್ದಿದ್ರೆ ಅವಳೇ ಮಷೀನು ಹಿಡೀತಿದ್ಲು."

"ಅವಳ ಪರವಾಗಿ ನೀನು ಮಾತಾಡ್ಬೇಡ."

"ಮೂಗಿನ ತುದೀಲೇ ಸಿಟ್ಟು ನಿಮಗೆ."

"ನನಗಾ? ನಿನ್ನ ಸಿಟ್ಟಿಗೆ ಇಬ್ಬನಿ ಕರಗೋ ಹಾಗಿದ್ರೆ ಇಷ್ಟೊತ್ತಿಗೆ ನಿನ್ನನ್ನ ಹೊರಗೆ ನಿಲ್ಲಿಸ್ತಿದ್ದೆ, ಮಾರಾಯ."

ನಗು ಬಂತು. ನಗಲಿಲ್ಲ.

ಕಿಟಕಿಯಾಚೆ ಕೊಳದಿಂದ ಮಂಜು ಏಳುತ್ತಿತ್ತು. ಬಿಳಿ ಗ್ರೀನು ನೆಲ ಬಿಟ್ಟು ಗೇಣು ಮೇಲೆ ತೇಲುತ್ತಿರುವಂತೆ ಕಂಡಿತು. ಗುಳಿಯ ಬಾವುಟ ಅಲ್ಲಾಡದೆ ನಿಂತಿತ್ತು. ಅದರ ಪಕ್ಕ ಯಾರೋ ಬಗ್ಗಿಕೊಂಡು ಹಿಂದಹಿಂದಕ್ಕೆ ಬರುತ್ತಿದ್ದಾರೆ ಅನಿಸಿ ಕಣ್ಣುಜ್ಜಿದೆ. ಭಾವನೂ ಅಲ್ಲೇ ನೋಡುತ್ತಿದ್ದರು. ಏನು ಕಂಡಿತೆಂದು ಒಬ್ಬರನ್ನೊಬ್ಬರು ಕೇಳಲಿಲ್ಲ.

ಆಮೇಲೆ ಅವರು ಮೆಲ್ಲಗೆ ಅಂದರು, "ಹೌದು ಕಣೋ, ನಿಮ್ಮಕ್ಕ ಹೋದ್ಮೇಲೆ ನಾನು ನಿನಗೆ ಏನಾಗ್ಬೇಕು?"

ಅಕ್ಕ ಹೋದಂದಿನಿಂದ ಅವರು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಇರಬೇಕೋ ಹೊರಡಬೇಕೋ ಎಂದು ಒಳಗೊಳಗೇ ಬೇಯುತ್ತಿದ್ದದ್ದು ನನಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಮೊದಲು ಮಷೀನಿಗೆ ಎಣ್ಣೆ ಹಾಕಿ. ನೆಂಟಸ್ತಿಕೆ ಆಮೇಲೆ ನೋಡೋಣ."

ಭಾವ ಎದ್ದರು. ಎಣ್ಣೆ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ಕೈ ಒರೆಸಿಕೊಂಡರು, ಟೋಪಿ ಹಾಕಿಕೊಂಡರು. ಗೇಟಿಗೆ ಹೋಗಲು ಜಲ್ಲಿ ಹಾಸಿದ ದಾರಿ ಇದೆ. ಅದನ್ನು ಹಿಡಿಯಲಿಲ್ಲ, ನೇರ ಕೊಳದ ಗ್ರೀನಿಗೆ ಇಳಿದರು. ಜೀವಮಾನದಲ್ಲಿ ಬಿಳಿ ಹುಲ್ಲು ತುಳಿಯದ ಮನುಷ್ಯ, ಅಕ್ಕ ಬಿತ್ತಿದ್ದರ ನಟ್ಟನಡುವೆ, ಮುಂದಮುಂದಕ್ಕೆ, ಅವಸರವಿಲ್ಲದೆ ನಡೆದರು. ಹುಲ್ಲು ಕರಕರ ಅನ್ನುವುದು ಷೆಡ್ಡಿನವರೆಗೂ ಕೇಳಿಸಿತು. ಸಿಟ್ಟಿಗೆ ತುಳಿದರೋ, ಕಾಲಡಿ ಏನಿದೆ ಅನ್ನುವುದೇ ಕಾಣಲಿಲ್ಲವೋ, ಇವತ್ತಿಗೂ ತಿಳಿಯದು.

"ಭಾವ, ಹುಲ್ಲು," ಎಂದು ಕೂಗಿದೆ. ಹುಲ್ಲು ಅಂತಲೇ ಕೂಗಿದ್ದು.

ಮಂಜು ಅವರನ್ನು ಮೊದಲು ಮೊಣಕಾಲಿನವರೆಗೆ, ಆಮೇಲೆ ಟೋಪಿಯವರೆಗೆ ತೆಗೆದುಕೊಂಡಿತು.

ಸಂಜೆ ಹಿಂದಿನ ಕೋಣೆಯ ದೀಪ ಹಚ್ಚಿಟ್ಟೆವು. ಅವರು ಬರಲಿಲ್ಲ. ಮಾರನೆಯ ದಿನವೂ ಇಲ್ಲ, ಆಮೇಲೂ ಇಲ್ಲ. ಹೆಜ್ಜೆಗಳು ಕಪ್ಪಾದವು, ಆಮೇಲೆ ಒಣಗಿ ಕಂದಾದವು, ಎಳೆ ಬೇರು ಅಲ್ಲಿ ಮತ್ತೆ ಚಿಗುರಲಿಲ್ಲ. ಆ ಗ್ರೀನಿಗೆ ನಾನು ಮಷೀನು ಇಳಿಸಲಿಲ್ಲ. ಆಡಲು ಬಂದವರ ಚೆಂಡು ಅಲ್ಲಿ ಓರೆಯಾಗಿ ಉರುಳುತ್ತದೆ. ಯಾವ ಪ್ರಾಣಿ ಇಲ್ಲಿ ಓಡಾಡಿದ್ದು ಎಂದು ಬೈಯುತ್ತಾರೆ.

"ಪ್ರಾಣಿ ಅಲ್ಲ," ಅನ್ನುತ್ತೇನೆ. "ನಮ್ಮ ಭಾವ."