ಜಾರುವ ಸೂಜಿ

ಆ ದಿನ ಒಂಬತ್ತನೇ ಸಲವೂ ಸೂಜಿ ಜಾರಿತು. ರಕ್ತನಾಳದ ಸರ್ಜನ್ ಹಲ್ಲು ಕಚ್ಚಿ, ಅಭ್ಯಾಸದ ಪೆಟ್ಟಿಗೆಯ ಸಣ್ಣ ತೂತಿನಿಂದ ಸೂಜಿ ಹಿಡಿಯುವ ಉಪಕರಣವನ್ನು ಹೊರಗೆಳೆದಳು. ಒಳಗೆ ಕ್ಯಾಮೆರಾದ ಮುಂದೆ, ಕಸಾಯಿಖಾನೆಯಿಂದ ತರಿಸಿದ ಹಂದಿಯ ರಕ್ತನಾಳ ಅರ್ಧ ಹೊಲಿಗೆಯಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

"ಅಕ್ಕಾ, ನೀನು ಮಣಿಕಟ್ಟು ಜಾಸ್ತಿ ತಿರುಗಿಸ್ತೀಯ," ಎಂದ ತಮ್ಮ. ಎದೆ ಸೀಳದೆ, ಬೆರಳು ತೂರುವಷ್ಟು ತೂತಿನಲ್ಲೇ ನಾಳ ಹೊಲಿಯಬೇಕೆಂದು ಮೂರು ವರ್ಷ ತಲೆ ಕೆಡಿಸಿಕೊಂಡು ಈ ಉಪಕರಣ ಮಾಡಿದ ಎಂಜಿನಿಯರ್ ಅವನೇ.

"ಇಪ್ಪತ್ತೆರಡು ವರ್ಷದಿಂದ ಹೀಗೇ ತಿರುಗಿಸ್ತಿದೀನಿ ಕಣೋ."

"ನನ್ನ ವರ್ಕ್‌ಶಾಪಲ್ಲಿ ನೂರು ಸಲ ಸರಿಯಾಗಿ ಹಿಡಿದಿದೆ." ಜೊತೆಗೆ ಸೇರಿಸಿದ: "ಬೇಜಾರು ಮಾಡ್ಕೋಬೇಡ. ವಯಸ್ಸಾದ ಹಾಗೆ ಕೈ ನಡುಗೋದು ಸಹಜ."

ಅವಳ ಮೈಯೆಲ್ಲ ಉರಿದುಹೋಯಿತು. ಆ ಅನುಮಾನ ಅವಳಿಗೂ ಇತ್ತು ಎನ್ನುವುದೇ ಹೆಚ್ಚು ಉರಿಸಿತು. ಹಿಂದಿನ ದಿನವಷ್ಟೇ ಒಂದು ಕಷ್ಟದ ಆಪರೇಷನ್ನನ್ನು ನೆಪ ಹೇಳಿ ಕಿರಿಯ ಡಾಕ್ಟರಿಗೆ ಬಿಟ್ಟುಕೊಟ್ಟಿದ್ದಳು.

ತನ್ನ ಹಳೆಯ ಉಪಕರಣ ತೆಗೆದುಕೊಂಡು ಅದೇ ನಾಳಕ್ಕೆ ಆರು ಹೊಲಿಗೆ ಹಾಕಿದಳು. ಒಂದೂ ತಪ್ಪಲಿಲ್ಲ.

"ಈಗ ಹೇಳು, ಎಲ್ಲಿದೆ ನಡುಕ?"

ಅವಳು ತಮ್ಮನ ಉಪಕರಣವನ್ನು ಅವನ ಮುಂದೆ ಎತ್ತಿ ಹಿಡಿದಳು.

"ವರ್ಕ್‌ಶಾಪಲ್ಲಿ ಇದನ್ನ ಎಷ್ಟು ಸಲ ಸ್ಟೆರಿಲೈಸ್ ಮಾಡಿದ್ದೆ?"

"ಅಲ್ಲಿ ಯಾಕೆ ಮಾಡ್ಲಿ? ರೋಗಿಗಳಿಲ್ವಲ್ಲ."

"ಇಲ್ಲಿ ಆಸ್ಪತ್ರೆಯಲ್ಲಿ ಅಭ್ಯಾಸಕ್ಕೆ ಬಳಸಿದ್ದನ್ನೂ ಪ್ರತಿ ಸಲ ಬಿಸಿ ಆವಿಯಲ್ಲಿ ಬೇಯಿಸ್ತಾರೆ ಮಾರಾಯ!"

ಅವನು ಗಡಿಬಿಡಿಯಿಂದ ಚೀಲದಲ್ಲಿದ್ದ ಅಂಥದೇ ಇನ್ನೊಂದು ಹೊಚ್ಚಹೊಸ ಉಪಕರಣ ಬಿಚ್ಚಿಕೊಟ್ಟ. ಅದು ಸೂಜಿಯನ್ನು ಬಿಗಿಯಾಗಿ ಹಿಡಿಯಿತು. ಎರಡನ್ನೂ ಭೂತಗನ್ನಡಿಯಡಿ ಇಟ್ಟು ನೋಡಿದರು. ಬೆಂದದ್ದರ ಇಕ್ಕಳ ಬಿಸಿಗೆ ಬಾಗಿ, ಕೂದಲೆಳೆಯಷ್ಟು ಸಂದು ಬಿಟ್ಟಿತ್ತು.

"ಲೋಹನೇ ಬದಲಾಯಿಸ್ಬೇಕು," ಎಂದು ಅವನು ಕುರ್ಚಿಯಲ್ಲಿ ಕುಸಿದ. "ಇನ್ನೊಂದು ವರ್ಷ ಹೋಯ್ತು."

ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಆರು ವಾರದ ಅಭ್ಯಾಸ, ಹದಿನಾಲ್ಕು ನಾಳ, ತನ್ನ ಕೈಯ ಮೇಲಿದ್ದ ನಂಬಿಕೆ, ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಇಷ್ಟು ಸಣ್ಣ ಪ್ರಶ್ನೆ ಮೊದಲನೇ ದಿನವೇ ತನಗೆ ಹೊಳೆಯಲಿಲ್ಲವಲ್ಲ!

"ಹೊಸದು ಆದ್ಮೇಲೆ ಮತ್ತೆ ನೋಡಿಕೊಡ್ತೀಯ ತಾನೆ?"

"ಐವತ್ತು ಸಲ ಬೇಯಿಸಿ, ಆಮೇಲೆ ತಗೊಂಡು ಬಾ. ಅಲ್ಲೀತನಕ ನನ್ನ ಕಣ್ಣಿಗೆ ಬೀಳ್ಬೇಡ."

ಅವನು ತಲೆಯಾಡಿಸಿ ಚೀಲ ಎತ್ತಿಕೊಂಡು ಹೊರಟ. ತಪ್ಪಾಯಿತು ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ನಾರುತ್ತಿದ್ದ ಪೆಟ್ಟಿಗೆಯನ್ನು ತೊಳೆಯುವ ಕೆಲಸವೂ ಅವಳ ಪಾಲಿಗೇ ಬಂತು.